ಐಯಸ್ಸು ಎಂಟುನೂರು

ಪುಟ್ಟರಾಜುವಿನ ಅಂದಿನ ಫಜೀತಿಗೆಲ್ಲ ಕಾರಣ ಮೂರೇ ಮೂರು ಇಂಗ್ಲಿಷ್ ಅಕ್ಷರ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತದ ರೋಗ ನೋಡುತ್ತಿದ್ದ ವೆಂಕಟೇಶಮೂರ್ತಿ ಸಾಹೇಬರು ಆ ಅಕ್ಷರಗಳನ್ನು ಐ, ಎಸ್, ಓ ಎಂದು ಬಾಳೆಹಣ್ಣು ಸುಲಿದಂತೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದರು. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದಿದ್ದ ಪುಟ್ಟರಾಜುವಿನ ಬಾಯಲ್ಲಿ ಅವು ಮೂರು ತಿಂಗಳಿಗೆಲ್ಲ ಎತ್ತಿನ ಹಳೇ ಲಾಳದ ಹಾಗೆ ಸವೆದು ‘ಐಯಸ್ಸು’ ಆಗಿಬಿಟ್ಟವು.

ಸಾಹೇಬರಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ರೋಗದ ಎಲೆಗಳ ಫೋಟೋ ತೆಗೆಯುವ ಕ್ಯಾಮೆರಾ ಅಂಗೈಯಗಲದ್ದು; ಆ ಮೂರಕ್ಷರ ಅದರ ಪರದೆಯ ಮೇಲಿನ ಒಂದು ಅಂಕಿಯ ಹೆಸರು. ಬೆಳಕು ಕಮ್ಮಿಯಿದ್ದರೆ ಅದರಲ್ಲಿ ಆ ಅಂಕಿಯನ್ನು ಏರಿಸಬೇಕು, ಬಿಸಿಲು ಜಾಸ್ತಿಯಿದ್ದರೆ ಇಳಿಸಬೇಕು. ಅಷ್ಟೇ ವಿದ್ಯೆ. “ಪುಟ್ಟರಾಜು, ಮೋಡ ಬಂತು ನೋಡಿ” ಎಂದರೆ “ಐಯಸ್ಸು ಏರಿಸ್ದೆ ಸಾರ್” ಎನ್ನುವನು. ಬಿಸಿಲು ಬಂದರೆ “ಇಳಿಸ್ದೆ ಸಾರ್” ಎನ್ನುವನು. ರೋಗ ಬಿದ್ದ ಭತ್ತದ ಎಲೆಗಳು ಯಾವತ್ತೂ ಅವನ ಉಚ್ಚಾರ ತಿದ್ದಲಿಲ್ಲ. ಸಾಹೇಬರು ನಿವೃತ್ತರಾಗಿ ಹೋಗುವಾಗ ತಮ್ಮ ಸ್ವಂತದ ಆ ಹಳೇ ಕ್ಯಾಮೆರಾವನ್ನು ಅವನ ಕೈಗಿಟ್ಟು ಬೆನ್ನು ತಟ್ಟಿದರು.

ಪುಟ್ಟರಾಜುವಿಗೆ ಮೂವತ್ತಾರು. ಬಸರಾಳಿನ ಕಡೆಯವನು. ನೀರಾವರಿಯ ಎರಡೆಕರೆ ಗದ್ದೆ, ಫಾರಂನಲ್ಲಿ ದಿನಗೂಲಿ, ಬೀಡಿಯಿಲ್ಲ, ಬಾಟಲಿಯಿಲ್ಲ. ಹೆಣ್ಣೂ ಇಲ್ಲ. ನೋಡಲು ಹೋದ ಹದಿನಾಲ್ಕು ಮನೆಯಲ್ಲೂ ಉಪ್ಪಿಟ್ಟು ತಿಂದು ಬಂದದ್ದೇ ಲಾಭ. ಹೆಣ್ಣು ಹೆತ್ತವರಿಗೆಲ್ಲ ಮೂರು ಹೊತ್ತೂ ಅನ್ನ ಬೇಕು, ಅನ್ನ ಬೆಳೆಯುವವನು ಮಾತ್ರ ಬೇಡ. ಗದ್ದೆಯಲ್ಲಿ ಕಾಲಿಟ್ಟ ಗಂಡೆಂದರೆ ಕಾಲಲ್ಲಿ ಕುಷ್ಠವಿದ್ದಂತೆ ನೋಡುತ್ತಾರೆ. ಆಮೇಲೆ ವೇದಿಕೆ ಹತ್ತಿ ರೈತನೇ ದೇಶದ ಬೆನ್ನೆಲುಬು ಎನ್ನುತ್ತಾರೆ. ಬೆನ್ನೆಲುಬಿಗೆ ಯಾರು ತಾಳಿ ಕಟ್ಟಿಸಿಕೊಳ್ಳುತ್ತಾರೆ?

ಹದಿನೈದನೆಯ ಮನೆ ಬೆಳಕವಾಡಿಯ ಲಿಂಗಯ್ಯನದು. ಈ ಮನೆಯವರು ತಾವಾಗಿಯೇ ಹೇಳಿಕಳಿಸಿದ್ದರು. ಕಾರಣವಿತ್ತು. ಲಿಂಗಯ್ಯನ ತಾಯಿ ಯಶೋದಮ್ಮನಿಗೆ ಎಪ್ಪತ್ತೊಂಬತ್ತು ತುಂಬಿ ಎಂಬತ್ತಕ್ಕೆ ಬಿದ್ದಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳು ವನಜಾಳ ಮದುವೆ ಆಗಬೇಕೆಂದು ಅಜ್ಜಿ ಒಂದು ಹೊತ್ತಿನ ಊಟ ಬಿಟ್ಟಿದ್ದಳು. ಆ ಅವಸರಕ್ಕೆ ಲಿಂಗಯ್ಯ ಗಂಡುಗಳ ಪಟ್ಟಿಯಲ್ಲಿ ಮೇಷ್ಟ್ರು, ಕಂಡಕ್ಟರು, ಲೈನ್‌ಮನ್ನು ಎಂದು ಕೆಳಕ್ಕೆ ಕೆಳಕ್ಕೆ ಇಳಿದು ಕಡೆಗೆ ಪುಟ್ಟರಾಜುವಿನ ಹೆಸರಿಗೆ ಬಂದು ನಿಂತಿದ್ದ.

“ಕ್ಯಾಮೆರಾನ ಕತ್ತಿಗೆ ಆಕ್ಕೊಳ್ಲಾ” ಅಂದ, ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ, ಜೊತೆಗೆ ಬಂದಿದ್ದ ಸೋದರಮಾವ ಮುದ್ದಯ್ಯ.

“ಯಾಕ್ ಮಾವ, ಹೆಣ್ಣು ನೋಡೋಕೆ ಓಯ್ತಿರಾದು, ಎಲೆ ನೋಡೋಕಲ್ಲ.”

“ನಿನ್ನ ಮಕದ ಮೇಲೆ ದಿನಗೂಲಿ ಅಂತ ಬರ್ದೈತೆ ಕಣ್ಲಾ. ಒಸಿ ಆಪೀಸರ್ ತರ ಕಾಣ್ಲಿ ಆಕ್ಕೊ.”

ಪುಟ್ಟರಾಜು ಹಾಕಿಕೊಂಡ. ಅಂಗಡಿಯೊಂದರ ಕನ್ನಡಿಯಲ್ಲಿ ನೋಡಿಕೊಂಡರೆ ಗಂಟೆ ಕಟ್ಟಿದ ಹೋರಿಯ ಹಾಗೆ ಕಂಡ.

ಏಪ್ರಿಲ್ ಕಡೆಯ ವಾರ. ಬೆಳಕವಾಡಿಗೆ ಇಳಿದಾಗ ಹನ್ನೊಂದು ಗಂಟೆ. ಬಿಸಿಲು ನೆತ್ತಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿತ್ತು. ಲಿಂಗಯ್ಯನ ಮನೆಯ ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ಕತ್ತಲೆ, ತಂಪು. ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಹೊಂದಿಕೊಂಡಾಗ ಮೊದಲು ಕಂಡದ್ದು ಗೋಡೆಯ ಮೇಲೆ ಹಾರ ಹಾಕಿದ ಸತ್ತವರ ಫೋಟೋಗಳ ಸಾಲು. ಸಾಲಿನ ಕೊನೆಯಲ್ಲಿ ಬರೀ ಮೊಳೆ. ಆ ಮೊಳೆಯ ಸರಿಯಾಗಿ ಕೆಳಗೆ, ಚಾಪೆಯ ಮೇಲೆ, ಯಶೋದಮ್ಮ ಕೂತಿದ್ದಳು. ಅಷ್ಟು ಅಲ್ಲಾಡದೆ ಕೂತಿದ್ದಳೆಂದರೆ ಮುದ್ದಯ್ಯ ಮೊದಲು ಗೋಡೆಯ ಫೋಟೋಗಳಿಗೆ ಕೈಮುಗಿದು, ಅದೇ ಓಘದಲ್ಲಿ ಅಜ್ಜಿಗೂ ಮುಗಿದು ಮುಂದೆ ಹೋದ.

ವನಜಾ ಉಪ್ಪಿಟ್ಟು ತಂದಿಟ್ಟಳು. ಮಳವಳ್ಳಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲೇ ಬಟ್ಟೆ ಹೊಲಿಯುವ ಹುಡುಗಿ. ಬಟ್ಟೆ ಅಳೆಯುವ ಹಾಗೆ ಪುಟ್ಟರಾಜುವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಕಂಬದ ಪಕ್ಕ ನಿಂತಳು. ಪಕ್ಕದ ಮನೆಯ ಕರಿಯಪ್ಪ ಯಾರೂ ಕರೆಯದೆ ಬಂದು ಎಲ್ಲರಿಗಿಂತ ಮುಂದೆ ಕೂತಿದ್ದ. ಊರಿನ ಯಾವ ಮದುವೆಯೂ ಸಾವೂ ಅವನ ಒಪ್ಪಿಗೆಯಿಲ್ಲದೆ ಆಗುವಂತಿರಲಿಲ್ಲ.

“ಏನಪ್ಪ, ಕ್ಯಾಮೆರಾ ಡಿಪಾಲ್ಟ್‌ಮೆಂಟಂತಲ್ಲ ನೀನು?” ಅಂದ ಕರಿಯಪ್ಪ. “ನಮ್ಮಜ್ಜಿದು ಒಂದು ಒಳ್ಳೆ ಪೋಟೋ ತಗಿ ಮತ್ತೆ. ಇವ್ರ ಮನೇಲಿ ಅಜ್ಜಿದು ಇರಾದು ಒಂದೇ ಪೋಟೋ, ಆಧಾರಿಂದು. ಅದ್ರಲ್ಲಿ ಆಗ್ಲೇ ವೈಕುಂಠಕ್ಕೆ ಓಗಿ ವಾಪಸ್ ಬಂದಂಗವ್ಳೆ.”

ಹದಿನಾಲ್ಕು ಮನೆಯಲ್ಲಿ ಯಾರೂ ಪುಟ್ಟರಾಜುವಿಗೆ ಏನನ್ನೂ ಮಾಡಿ ತೋರಿಸು ಎಂದಿರಲಿಲ್ಲ. ಅವನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಎದ್ದ. ಅಜ್ಜಿಯ ಮುಂದೆ ಮಂಡಿಯೂರಿ ಗುಂಡಿ ಒತ್ತಿದ. ಪರದೆಯಲ್ಲಿ ಅಜ್ಜಿ ಕಾಣಲಿಲ್ಲ, ಮಸಿ ಕಾಣಿಸಿತು. ನಿನ್ನೆ ಬಿಸಿಲಲ್ಲಿ ಇಳಿಸಿದ್ದ ಅಂಕಿ ಹಾಗೇ ಇತ್ತು.

“ಅಜ್ಜೀ, ಐಯಸ್ಸು ಎಂಬತ್ತಕ್ಕೆ ನಿಂತೋಗೈತೆ ಕಣಜ್ಜಿ. ಇದ್ರಲ್ಲಿ ಏನೂ ಆಗಾಕಿಲ್ಲ” ಅಂದ.

ಲಿಂಗಯ್ಯನ ಕೈಯ ಕಾಫಿಲೋಟ ಬಾಯಿಗೂ ತೊಡೆಗೂ ನಡುವೆ ನಿಂತಿತು. ಗೋಡೆಯ ಮೇಲಿಂದ ಹಲ್ಲಿ ಲೊಚ್ ಲೊಚ್ ಅಂದಿತು. ಕರಿಯಪ್ಪ ನೆಲ ಕುಟ್ಟಿ “ಕ್ರಿಷ್ಣ ಕ್ರಿಷ್ಣ” ಅಂದ.

“ನಂಗೆ ಈಗ ಎಂಬತ್ತೇ ನಡೀತಿರಾದು” ಅಂದಳು ಯಶೋದಮ್ಮ. ದನಿ ಚಾಪೆಯ ಕೆಳಗಿಂದ ಬಂದ ಹಾಗಿತ್ತು. “ಅಂಗಾರೆ ಇನ್ನೆಷ್ಟು ದಿನ ಮಗ?”

ಪುಟ್ಟರಾಜುವಿನ ಗಮನವೆಲ್ಲ ಗುಂಡಿಯ ಮೇಲಿತ್ತು. “ಒಸಿ ಇರಜ್ಜಿ, ಏರುಸ್ತೀನಿ. ಇನ್ನೂರು... ಊಹೂಂ. ನಾನೂರು... ಸಾಲಾಕಿಲ್ಲ. ತಕ್ಕೊ, ಎಂಟುನೂರು! ಈಗ ನೋಡು ಮಕ ಎಂಗೆ ಕಳೆ ಬಂತು!”

“ಎಂಟುನೂರಾ?”

“ಬೇಕಾರೆ ಸಾವಿರದಾರ್ನೂರಕ್ಕೂ ಓಯ್ತದೆ ಅಜ್ಜಿ. ಆದ್ರೆ ಅಷ್ಟು ಏರುಸುದ್ರೆ ಮಕದ ತುಂಬ ಚುಕ್ಕಿ ಚುಕ್ಕಿ ಏಳ್ತದೆ.”

ಅಜ್ಜಿ ಒಂದು ಗಳಿಗೆ ಲೆಕ್ಕ ಹಾಕಿದಳು. “ಬ್ಯಾಡ ಬುಡು. ಎಂಟುನೂರು ಸಾಕು. ಮನ್ಸಂಗೆ ಅತಿಆಸೆ ಇರಬಾರ್ದು.”

ಕ್ಲಿಕ್ ಎಂದಿತು. ಕರಿಯಪ್ಪ ಕತ್ತು ಚಾಚಿ ಪರದೆ ನೋಡಿದ. ಅವನಿಗೆ ಇಂಗ್ಲಿಷಿನಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. “ಐ... ಎಸ್... ಓ. ಸರಿಯಾಗೇ ಬರ್ದವ್ರೆ ಕಣ್ರಪ್ಪ, ಆಯಸ್ಸು ಅಂತ! ಮುಂದ್ಕೆ ಎಂಟುನೂರು. ನಮ್ಮಪ್ಪ ಏಳ್ತಿದ್ದ, ಪೋಟೋ ತೆಗುಸುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ. ಆವಾಗಿನ ಪೋಟೋದೋರು ಕಳ್ರು. ಎಷ್ಟಕ್ಕೆ ಇಳುಸ್ತೀವಿ ಅಂತ ಬಾಯಿ ಬುಡ್ತಿರ್ನಿಲ್ಲ. ಈ ಹುಡುಗ ಮಕದ ಮುಂದೇನೇ ಏಳ್ಬುಟ್ಟ ನೋಡಿ!”

ಆಗ ಪುಟ್ಟರಾಜುವಿಗೆ ವಿಷಯ ಹೊಳೆಯಿತು. “ಅಯ್ಯೋ, ಆಯಸ್ಸಲ್ಲ ಕಣಣ್ಣ, ಐಯಸ್ಸು. ಇದು ಬೆಳಕು—” ಎನ್ನುವಷ್ಟರಲ್ಲಿ ಮುದ್ದಯ್ಯ ಅವನ ತೊಡೆ ಹಿಂಡಿದ. ಹಿಂಡಿದ ರಭಸಕ್ಕೆ ಉಳಿದ ಮಾತು “ಸ್ಸ್” ಎಂದಷ್ಟೇ ಹೊರಬಂತು.

ಯಶೋದಮ್ಮ ಚಾಪೆಯಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳು. ಆರು ತಿಂಗಳಿಂದ ಇಬ್ಬರು ಹಿಡಿದು ಎಬ್ಬಿಸುತ್ತಿದ್ದ ಹೆಂಗಸು. “ಲಿಂಗ, ಈ ಹುಡುಗನ್ನ ಬುಡಬ್ಯಾಡ ಕಣ್ಲಾ. ಕೈಗುಣ ಐತೆ. ಮಧ್ಯಾನ್ನ ಊಟ ಆದ್ಮೇಕೆ ಮಾತು ಮುಗುಸ್ಬುಡು” ಅಂದಳು.

“ಕೇಳುಸ್ಕಂಡ್ಯಾ?” ಮುದ್ದಯ್ಯ ಕಿವಿಯಲ್ಲಿ ಉಸುರಿದ. “ಹದಿನೈದ್ನೇ ಮನೆ ಕಣ್ಲಾ. ಇನ್ನೊಂದೆರಡು ಗಂಟೆ ಬಾಯ್ ಮುಚ್ಕಂಡಿರು. ತಾಳಿ ಕಟ್ಟುದ್ಮೇಲೆ ಬೇಕಾರೆ ಬೆಳಕು ಅನ್ನು, ಕತ್ಲೆ ಅನ್ನು.”

ಪುಟ್ಟರಾಜು ಬಾಯಿ ಮುಚ್ಚಿದ. ಕಂಬದ ಪಕ್ಕ ವನಜಾ ಸೆರಗು ಕಚ್ಚಿಕೊಂಡು ನಿಂತಿದ್ದಳು. ನಾಚಿಕೆ ಎಂದುಕೊಂಡ.

ಕರಿಯಪ್ಪ ಬೀದಿಗೆ ಹೋಗಿ ಬಾಯಿ ಬಿಟ್ಟ. ಹತ್ತು ನಿಮಿಷಕ್ಕೆ ಜಗಲಿಯ ತುಂಬ ಜನ. ಆ ಹೊತ್ತಿಗೆ ಸರಿಯಾಗಿ ಕೋಲೂರಿಕೊಂಡು ಬಂದ ಕೆಂಪಸಿದ್ದಯ್ಯ ತಾತನನ್ನು ಹಿಡಿದು ಬೀದಿಯ ನಡುವೆ ನಿಲ್ಲಿಸಿದರು. ಮಟಮಟ ಮಧ್ಯಾಹ್ನ. ಪುಟ್ಟರಾಜು ಕೈಯ ಅಭ್ಯಾಸಕ್ಕೆ ಅಂಕಿ ಇಳಿಸಿದ, ಬಾಯಿಯ ಅಭ್ಯಾಸಕ್ಕೆ ಹೇಳಿಯೂಬಿಟ್ಟ.

“ಐಯಸ್ಸು ಎಂಬತ್ತು.”

“ತಾತ, ನಿಂಗೀಗ ಎಷ್ಟು ವರ್ಸ?” ಕರಿಯಪ್ಪ ಕೇಳಿದ.

“ಎಂಬತ್ಮೂರು ತುಂಬ್ತು. ಯಾಕ್ಲಾ?”

ಜಗಲಿಯ ಹೆಂಗಸೊಬ್ಬಳು ಕಂಕುಳ ಕೂಸಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು, ಹಿಂದೆ ನಿಂತಿದ್ದವರು ಎರಡು. ತಾತ ಬೀದಿಯ ನಡುವೆ ಒಬ್ಬನೇ ಉಳಿದ.

“ಅಂಗಾರೆ ಮೂರು ವರ್ಸದ ಇಂದೇನೇ ಆಗೋಗೈತೆ” ಅಂದ ಕರಿಯಪ್ಪ ಮೆಲ್ಲಗೆ.

“ಏನ್ಲಾ ಆಗೋಗೈತೆ?”

ಕರಿಯಪ್ಪ ಬಗ್ಗಿ ಮುದುಕನ ಪಾದ ನೋಡಿದ. ಹಿಮ್ಮಡಿ ಹಿಂದೆಯೇ ಇತ್ತು, ಬೆರಳು ಮುಂದೆಯೇ ಇದ್ದವು. ಸ್ವಲ್ಪ ನಿರಾಸೆಯಾಯಿತು. ಮರುಗಳಿಗೆ ಅವನ ಮುಖ ಬಿಳಿಚಿತು. “ನೆಳ್ಳು!” ಅಂದ. “ನೆಳ್ಳೇ ಇಲ್ಲ ಕಣ್ರೋ!”

ಸೂರ್ಯ ನೆಟ್ಟಗೆ ನೆತ್ತಿಯ ಮೇಲಿದ್ದ. ಏಪ್ರಿಲ್ ಕೊನೆಯಲ್ಲಿ ಆ ಸೀಮೆಯಲ್ಲಿ ಆ ಹೊತ್ತಿಗೆ ಯಾರಿಗೂ ನೆರಳಿರುವುದಿಲ್ಲ. ಕರಿಯಪ್ಪನಿಗೂ ಇರಲಿಲ್ಲ. ಆದರೆ ತನ್ನ ಕಾಲ ಕೆಳಗೆ ಯಾರು ನೋಡಿಕೊಳ್ಳುತ್ತಾರೆ?

ಕೆಂಪಸಿದ್ದಯ್ಯ ಮಾತ್ರ ನೋಡಿಕೊಂಡ. ಎಡಕ್ಕೆ ಹುಡುಕಿದ, ಬಲಕ್ಕೆ ಹುಡುಕಿದ, ಮೆಲ್ಲಗೆ ತಿರುಗಿ ಬೆನ್ನ ಹಿಂದೆಯೂ ಹುಡುಕಿದ.

“ಅದ್ಕೇನೇ ಅನ್ನಿ” ಅಂದ, ಯಾರಿಗೂ ಅಲ್ಲದೆ. “ಮೂರು ವರ್ಸದಿಂದ ನಾನು ಮಾತಾಡುದ್ರೆ ಮನೇಲಿ ಒಬ್ರೂ ತಿರುಗಿ ನೋಡಾಕಿಲ್ಲ. ಸೊಸೆ ತಟ್ಟೆ ಮಡಗ್ಬುಟ್ಟು ಗ್ವಾಡೆ ನೋಡ್ಕಂಡು ಓಯ್ತಾಳೆ. ಮಗ ನನ್ನ ಮುಂದೇನೇ ನಡೆದೋಯ್ತಾನೆ, ಏನಪ್ಪ ಅನ್ನಾಕಿಲ್ಲ. ನಾನು ಅವ್ರ ಬುದ್ಧಿನೇ ಅಷ್ಟು ಅಂದ್ಕಂಡಿದ್ದೆ. ಪಾಪ, ಅವ್ರ ತಪ್ಪಲ್ಲ. ನಾನೇ ಇಲ್ವಲ್ಲ.”

ತೊಡೆ ಹಿಂಡುವ ಮಾವ ದೂರದಲ್ಲಿದ್ದ. ಸತ್ಯ ಹೇಳುವುದಾದರೆ ಅದೇ ಹೊತ್ತು. ಪುಟ್ಟರಾಜು ಬಾಯಿ ತೆರೆದ. ಬಾಗಿಲ ಸಂದಿಯಲ್ಲಿ ವನಜಾಳ ಹಸಿರು ಬಳೆಯ ಕೈ ಕಂಡಿತು. ತೆರೆದ ಬಾಯಿ ಮುಚ್ಚಿಕೊಂಡಿತು. ಮುದುಕನ ರಟ್ಟೆ ಹಿಡಿದ. ಆ ಕೆಂಡದಂಥ ಬಿಸಿಲಲ್ಲಿ ರಟ್ಟೆ ಮಣ್ಣಿನ ಗಡಿಗೆಯ ಹಾಗೆ ತಣ್ಣಗಿತ್ತು. ಸುಳ್ಳು ತನ್ನದೇ ಆದರೂ ಒಂದು ಗಳಿಗೆ ಅವನೂ ನಂಬಿದ. ಎಳೆದುಕೊಂಡು ಹೋಗಿ ನಡುಮನೆಯ ಕತ್ತಲಲ್ಲಿ ಕೂರಿಸಿ ಗುಂಡಿ ತಿರುಗಿಸಿದ.

“ತಾತ, ನೋಡು, ಎಂಟುನೂರು!”

“ಅಂಗಾರೆ ನಾನಿನ್ನೂ ಬದುಕಿವ್ನಿ ಅನ್ನು!” ಅಂದ ಕೆಂಪಸಿದ್ದಯ್ಯ, ಕಣ್ಣೊರೆಸಿಕೊಂಡು. “ಇವ್ನಿ ಅಂದ್ಮೇಲೆ ಆ ನನ್ಮಕ್ಳು ಮಾತಾಡುಸ್ದೆ ಇದ್ದದ್ದು ಬುದ್ಧಿ ಇಲ್ದೇನೇ!”

ಹೊರಗೆ ಕರಿಯಪ್ಪ ಹೊಸ ಶಾಸ್ತ್ರ ಕಂಡುಹಿಡಿದಿದ್ದ. “ಗೊತ್ತಾಯ್ತೇನ್ರೋ? ಬಿಸಿಲಲ್ಲಿ ಎಂಬತ್ತು, ಕತ್ಲೇಲಿ ಎಂಟುನೂರು. ಗದ್ದೇಲಿ ಬಿಸಿಲಿಗೆ ಸತ್ತೋರೇ ಎಲ್ಲ ನಮ್ಮೋರು. ನೆಳ್ಳಲ್ಲಿ ಕುಂತ ಆಪೀಸರ್ ಒಬ್ನಾರ ಬೇಗ ಸತ್ತವ್ನಾ? ನಡೀರಿ ಒಳಕ್ಕೆ!”

ಆ ಮಾತಿನಲ್ಲಿ ತಕರಾರು ತೆಗೆಯುವಂಥದ್ದು ಏನಿತ್ತು? ಜಗಲಿ ಖಾಲಿಯಾಯಿತು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಕಿಟಕಿಗಳಿಗೆ ಗೋಣಿಚೀಲ ಬಂತು, ಕಂಬಳಿ ಬಂತು, ಹೆಂಚಿನ ನಡುವಿನ ಗಾಜಿನ ಮೇಲೆ ಯಾರೋ ಮೊರ ಕವುಚಿದರು. ಒಣಹಾಕಿದ ಹಪ್ಪಳ ಬಿಸಿಲಲ್ಲೇ ಉಳಿಯಿತು. ಕಾಗೆ ಬಂದು ಕುಕ್ಕಿದರೂ ‘ಹುಶ್’ ಅನ್ನುವವರಿಲ್ಲ. ಊರಿನ ಹೆಸರು ಬೆಳಕವಾಡಿ; ಆ ಒಂದು ಬೀದಿಯಲ್ಲಿ ನಡುಹಗಲು ಹನ್ನೆರಡೂವರೆಗೆ ಅಮಾವಾಸ್ಯೆ.

ಪುಟ್ಟರಾಜುವನ್ನು ಮನೆಯಿಂದ ಮನೆಗೆ ಕರೆದರು. ಬಾಗಿಲು ಒಂದು ಗೇಣು ತೆರೆಯುವುದು, ಕೈಯೊಂದು ಹೊರಬಂದು ಅವನ ತೋಳು ಹಿಡಿದು ಒಳಕ್ಕೆಳೆದುಕೊಳ್ಳುವುದು, ಬಾಗಿಲು ಮುಚ್ಚುವುದು. ಒಳಗೆ ಮುಖಗಳಿಲ್ಲ, ಬರೀ ಉಸಿರು. ಕತ್ತಲಲ್ಲಿ ಅಲ್ಲಲ್ಲಿ ಬೆಕ್ಕಿನ ಹಾಗೆ ಮಿಣುಕುವ ಕಣ್ಣು. “ನಂದೆಷ್ಟು?” ಎಂದು ಒಂದು ಮೂಲೆ ಕೇಳುವುದು. “ಎಂಟುನೂರು” ಎಂದರೆ ಇನ್ನೊಂದು ಮೂಲೆ “ನಮ್ಮತ್ತೆದು ಒಸಿ ಕಮ್ಮಿ ಮಡಗಪ್ಪ” ಎಂದು ಪಿಸುಗುಡುವುದು. ಏಳನೇ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅವನು ಗುಂಡಿ ಒತ್ತಿದ. ಕ್ಯಾಮೆರಾದ ಫ್ಲ್ಯಾಶ್ ಬೆಳಕು ಚಿಮ್ಮಿದ ಕ್ಷಣದಲ್ಲಿ ಕಂಡದ್ದು: ಗೋಡೆಗೆ ಒರಗಿ ಸಾಲಾಗಿ ಕೂತ ಒಂಬತ್ತು ಜನ, ಕಣ್ಣು ಮುಚ್ಚದೆ, ಮಿಸುಕದೆ, ಆಯಸ್ಸು ಖರ್ಚಾದೀತೆಂದು ಉಸಿರನ್ನೂ ಹಿಡಿದುಕೊಂಡು. ಪುಟ್ಟರಾಜು ಹೊಸಿಲು ಎಡವಿ ಬೀದಿಗೆ ಬಿದ್ದ.

ಲಿಂಗಯ್ಯನ ಮನೆಗೆ ಬಂದಾಗ ಅಲ್ಲೂ ಬಾಗಿಲು ಮುಚ್ಚಿತ್ತು. ತಳ್ಳಿಕೊಂಡು ಒಳಹೋದ. ಕತ್ತಲಲ್ಲಿ ತಡಕಾಡಿ ಕೂತ. ಊಟ ಬಡಿಸಿದ್ದರು, ಮುದ್ದೆ ಯಾವುದು, ನೆಲ ಯಾವುದು ತಿಳಿಯಲಿಲ್ಲ. ಆದರೂ ಅವನಿಗೆ ಸಂತೋಷವೇ. ಇನ್ನೊಂದು ಮಾತು ಆದರೆ ಮುಗಿಯಿತು.

“ಸರಿ ಲಿಂಗಯ್ಯ” ಮುದ್ದಯ್ಯನ ದನಿ ಕೇಳಿತು. “ಮಾತು ಮುಗುಸ್ಬುಡನ. ಮುಂದಿನ ತಿಂಗ್ಳು ಲಗ್ನ ಐತೆ.”

“ಅವ್ವ ಏನಂತಳೋ ಕೇಳನ” ಅಂದಿತು ಲಿಂಗಯ್ಯನ ದನಿ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುವ ಶಬ್ದ ನಿಂತಿತು. ಯಶೋದಮ್ಮ ಮಾತಾಡಿದಳು. ಬೆಳಗಿನ ಆ ಚಾಪೆಯಡಿಯ ದನಿಯಲ್ಲ. ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುವ ದನಿ.

“ಮುಂದಿನ ತಿಂಗ್ಳಾ? ಯಾಕಂಗೆ ಬೆನ್ನಿಗೆ ಬೆಂಕಿ ಬಿದ್ದೋರಂಗೆ ಆಡ್ತೀರಿ? ನಾನು ಇವತ್ತೋ ನಾಳೆಯೋ ಅಂತ ದಿನಗೂಲಿಯೋನಾದ್ರೂ ಆಗ್ಲಿ ಅಂತ ಒಪ್ಕಂಡಿದ್ದೆ. ಈಗೇನು ಅವಸರ? ಇನ್ನ ಏಳುನೂರಿಪ್ಪತ್ತು ವರ್ಸ ಐತಲ್ಲ. ನಿಧಾನುಕ್ಕೆ ಒಳ್ಳೆ ಗಂಡು ನೋಡನ.”

ಪುಟ್ಟರಾಜುವಿನ ಬಾಯಲ್ಲಿದ್ದ ತುತ್ತು ಅಲ್ಲೇ ಕಲ್ಲಾಯಿತು. ನುಂಗಿ ಕೂಗಿದ. “ಅಜ್ಜೀ! ಅದು ಆಯಸ್ಸಲ್ಲ ಕಣಜ್ಜಿ! ಬರೀ ಬೆಳಕಿನ ಲೆಕ್ಕ! ಕತ್ಲೇಲಿ ಯಾರ್ನ ನಿಲ್ಸುದ್ರೂ ಎಂಟುನೂರೇ, ಎಮ್ಮೆ ನಿಲ್ಸುದ್ರೂ ಎಂಟುನೂರೇ! ನೀನು ಎಷ್ಟು ದಿನ ಇರ್ತೀಯೋ ನಂಗೇನ್ ಗೊತ್ತು!”

ಮುದ್ದಯ್ಯ ಹಿಂಡಲು ತೊಡೆ ಹುಡುಕಿದ. ಕತ್ತಲಲ್ಲಿ ಲಿಂಗಯ್ಯನ ತೊಡೆ ಸಿಕ್ಕಿತು. “ಅಯ್ಯಯ್ಯೋ!” ಎಂದು ಲಿಂಗಯ್ಯ ಕೂಗಿದ.

“ಅಂಗಾರೆ ಬೆಳಿಗ್ಗೆ ನೀನು ಏಳುದ್ ಮಾತು ಸುಳ್ಳಾ?” ಅಜ್ಜಿ ನಿಧಾನವಾಗಿ ಕೇಳಿದಳು. “ಸುಳ್ಳಾದ್ರೆ, ಸುಳ್ಳೇಳೋನಿಗೆ ನನ್ನ ಮೊಮ್ಮಗಳ್ನ ಕೊಡಾಕಿಲ್ಲ. ನಿಜ ಆದ್ರೆ, ನಂಗೆ ಅವಸರ ಇಲ್ಲ. ಎರಡ್ರಲ್ಲಿ ಯಾವ್ದು ಬೇಕೋ ನೀನೇ ಆರಿಸ್ಕೊ ಮಗ.”

ಪುಟ್ಟರಾಜು ಕೈ ತೊಳೆಯಲು ಹಿತ್ತಲಿಗೆ ಹೋದ. ಅವನ ಹಿಂದೆಯೇ ಚೊಂಬು ಹಿಡಿದು ಬಂದಳು ವನಜಾ. ಅವಳೊಬ್ಬಳೇ ಬಿಸಿಲಿಗೆ ಹೆದರಲಿಲ್ಲ.

“ಐ, ಎಸ್, ಓ” ಅಂದಳು, ಒಂದೊಂದೇ ಅಕ್ಷರ ಬಿಡಿಸಿ, ನೀರು ಹೊಯ್ಯುತ್ತ. “ನನ್ನ ಪೋನಲ್ಲೂ ಐತೆ. ಬೆಳಿಗ್ಗೇನೇ ಗೊತ್ತಾಯ್ತು.”

“ಗೊತ್ತಾಗಿ ಸುಮ್ಕಿದ್ರಾ?”

“ಆರು ತಿಂಗ್ಳಿಂದ ಈ ಮದ್ವೆ ಅವಸರ ತಪ್ಸೋದು ಎಂಗೆ ಅಂತ ನಿದ್ದೆ ಬರ್ತಿರ್ನಿಲ್ಲ. ಮಳವಳ್ಳೀಲಿ ಒಂದು ಹೊಲಿಗೆ ಅಂಗ್ಡಿ ಇಡ್ಬೇಕು ಅಂತ ಆಸೆ. ಅಜ್ಜಿ ಸತ್ತೋಯ್ತೀನಿ ಸತ್ತೋಯ್ತೀನಿ ಅಂತ ಎದುರುಸ್ತಿದ್ಲು.” ಚೊಂಬಿನಲ್ಲಿ ಉಳಿದ ನೀರನ್ನು ಕರಿಬೇವಿನ ಬುಡಕ್ಕೆ ಸುರಿದಳು. “ನೀವು ಊರೂರಿಗೂ ಓಯ್ತೀರಾ? ನನ್ನ ಗೆಣತಿ ದೀಪಿಕ ಅಂತ ಒಬ್ಳವ್ಳೆ. ಅವಳ ಅಜ್ಜಿನೂ ಇದೇ ರಾಗ.”

ಪುಟ್ಟರಾಜು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವನ ಹೆಜ್ಜೆ ಅವನಿಗೇ ಕೇಳಿಸುತ್ತಿತ್ತು. ಮುಚ್ಚಿದ ಬಾಗಿಲುಗಳ ಹಿಂದೆ ಕಣ್ಣುಗಳು ಅವನ ಜೊತೆ ಜೊತೆಗೇ ನಡೆದವು. “ಪಾಪ, ಬಿಸಿಲಲ್ಲೇ ಓಯ್ತಾವ್ನೆ” ಅಂದಿತು ಒಂದು ಬಾಗಿಲು. “ಇನ್ನೆಷ್ಟು ದಿನವೋ” ಅಂದಿತು ಎದುರು ಬಾಗಿಲು.

ನಾಲ್ಕು ಮನೆ ದಾಟಿದ ಮೇಲೆ ಪಕ್ಕದಲ್ಲಿ ಮಾವ ಇಲ್ಲವೆಂಬುದು ಅರಿವಾಯಿತು. ತಿರುಗಿ ನೋಡಿದ. ಲಿಂಗಯ್ಯನ ಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅದರ ಕತ್ತಲೊಳಗೆ ಮುದ್ದಯ್ಯನ ಅಂಗಿಯ ಬಿಳುಪು ಮಾತ್ರ ಕಾಣುತ್ತಿತ್ತು.

“ಬಾ ಮಾವ, ಎರಡು ಗಂಟೆ ಬಸ್ಸೈತೆ!”

ಬಿಳುಪು ಇನ್ನೂ ಒಂದು ಹೆಜ್ಜೆ ಒಳಕ್ಕೆ ಸರಿಯಿತು.

“ನೀನು ನಡೀಲಾ ಅಳಿಯ” ಅಂದ ಮುದ್ದಯ್ಯ ಒಳಗಿನಿಂದ. “ನಾನು ಹೊತ್ತು ಮುಳುಗುದ್ಮೇಲೆ ಬತ್ತೀನಿ.”